ಎರಡು ದಿನದ ಗಡುವು

2004ರ ಏಪ್ರಿಲ್ 14, ಬುಧವಾರ. ರಷ್ಯದ ತೆರಿಗೆ ಸಚಿವಾಲಯ ಯೂಕೋಸ್ ಎಂಬ ತೈಲ ಕಂಪನಿಗೆ ಒಂದು ಆದೇಶ ಬರೆಯಿತು. 2000ನೇ ಇಸವಿಯ ಲೆಕ್ಕಕ್ಕೆ ಬಾಕಿ ತೆರಿಗೆ 4,799 ಕೋಟಿ ರೂಬಲ್, ಅದರ ಮೇಲೆ ಬಡ್ಡಿ 3,219 ಕೋಟಿ, ದಂಡ 1,920 ಕೋಟಿ. ಒಟ್ಟು 9,938 ಕೋಟಿ ರೂಬಲ್, ಅಂದರೆ ಆಗಿನ ಲೆಕ್ಕದಲ್ಲಿ ಸುಮಾರು 340 ಕೋಟಿ ಡಾಲರ್. ಕಟ್ಟಲು ಗಡುವು ಏಪ್ರಿಲ್ 16.

ಕೊಟ್ಟ ಆ ಎರಡು ದಿನವನ್ನೂ ಸಚಿವಾಲಯ ಕಾಯಲಿಲ್ಲ. 14ರಂದೇ ಮಾಸ್ಕೋದ ವಾಣಿಜ್ಯ ನ್ಯಾಯಾಲಯಕ್ಕೆ ಹೋಗಿ, ಕಂಪನಿಯ ಆಸ್ತಿ ಕೈಬದಲಾಗದಂತೆ ತಡೆ ಕೊಡಿ ಎಂದು ಕೇಳಿತು. 15ರಂದು ನ್ಯಾಯಾಲಯ ತಡೆ ಕೊಟ್ಟಿತು. ಷೇರು, ಸ್ಥಿರಾಸ್ತಿ ಯಾವುದನ್ನೂ ಪರಭಾರೆ ಮಾಡುವಂತಿಲ್ಲ. ನಾಳೆಯೊಳಗೆ 340 ಕೋಟಿ ಡಾಲರ್ ತಂದು ಕಟ್ಟು, ಆದರೆ ನಿನ್ನದೇನನ್ನೂ ಮಾರಿ ಹಣ ಹೊಂದಿಸಬೇಡ ಎಂದಂತಾಯಿತು.

ಅಧಿಕಾರಸ್ಥರಿಗೆ ಬೇಡವಾದ ಉದ್ಯಮಿಯನ್ನು ರಷ್ಯದಲ್ಲಿ ಹೇಗೆ ಮುಗಿಸುತ್ತಾರೆ ಎಂದು ಕೇಳಿದರೆ ಮುಸುಕು ಹಾಕಿದ ಬಂದೂಕುಧಾರಿಗಳ ಚಿತ್ರ ನೆನಪಿಗೆ ಬರುತ್ತದೆ. ಅವರೂ ಇದ್ದರು. ಆದರೆ ಯೂಕೋಸ್ ಪ್ರಕರಣದ ತೀರ್ಪುಗಳನ್ನು ಸಾಲುಸಾಲಾಗಿ ಓದಿದರೆ ಮುಖ್ಯ ಕೆಲಸ ಮಾಡಿದ್ದು ತಾರೀಖುಗಳು ಎಂದು ತಿಳಿಯುತ್ತದೆ. ಯಾರಿಗೆ ಎಷ್ಟು ದಿನ ಕೊಟ್ಟರು, ಯಾವ ಕಾಲಮಿತಿಯನ್ನು ಯಾರಿಗಾಗಿ ಹಿಗ್ಗಿಸಿದರು, ಯಾರ ಅರ್ಜಿ ಒಂದೇ ದಿನದಲ್ಲಿ ವಿಲೇವಾರಿಯಾಯಿತು ಎಂದು ಒಂದು ಹಾಳೆಯ ಮೇಲೆ ಬರೆದುಕೊಂಡರೆ ಸಾಕು, ಪ್ರಕರಣದ ಎಲುಬುಗೂಡು ಕಾಣುತ್ತದೆ. ಇಡೀ ಆಟದಲ್ಲಿ ಕಾನೂನಿನ ಪುಸ್ತಕವನ್ನು ಯಾರೂ ಹರಿದು ಎಸೆಯಲಿಲ್ಲ. ಪ್ರತಿ ಹೆಜ್ಜೆಗೂ ಒಂದು ಕಲಂ ಇತ್ತು, ಒಂದು ಮೊಹರು ಇತ್ತು.

ಮೊದಲು ಕಂಪನಿ ಯಾರದು, ಹೇಗೆ ಬಂತು ಎಂಬುದನ್ನು ಮುಚ್ಚಿಡದೆ ಹೇಳಬೇಕು. ಯಜಮಾನ ಮಿಖಾಯಿಲ್ ಖೋಡೊರ್ಕೊವ್‌ಸ್ಕಿ 1963ರಲ್ಲಿ ಹುಟ್ಟಿದವರು, ಓದಿದ್ದು ರಸಾಯನಶಾಸ್ತ್ರ. ಸೋವಿಯತ್ ಒಕ್ಕೂಟದ ಕೊನೆಯ ವರ್ಷಗಳಲ್ಲಿ ಮೆನಾಟೆಪ್ ಎಂಬ ಬ್ಯಾಂಕ್ ಕಟ್ಟಿದರು. 1995ರಲ್ಲಿ ಖಜಾನೆ ಬರಿದಾಗಿದ್ದ ಯೆಲ್ಟ್ಸಿನ್ ಸರ್ಕಾರ ದೊಡ್ಡ ದೊಡ್ಡ ಸರ್ಕಾರಿ ಕಂಪನಿಗಳ ಷೇರುಗಳನ್ನು ಬ್ಯಾಂಕುಗಳಿಗೆ ಅಡವಿಟ್ಟು ಸಾಲ ಎತ್ತಿತು. ಸಾಲ ತೀರಲಿಲ್ಲ, ಒತ್ತೆ ಇಟ್ಟದ್ದು ಒತ್ತೆ ಹಿಡಿದವರ ಪಾಲಾಯಿತು. ಯೂಕೋಸ್‌ನ ಶೇ 45ರಷ್ಟು ಪಾಲು ಖೋಡೊರ್ಕೊವ್‌ಸ್ಕಿ ಕಡೆಯವರಿಗೆ ಹೋದದ್ದು 15.9 ಕೋಟಿ ಡಾಲರಿಗೆ. ಆರಂಭಿಕ ಬೆಲೆ 15 ಕೋಟಿ. ಆ ಹರಾಜನ್ನು ನಡೆಸಿಕೊಟ್ಟದ್ದು ಮೆನಾಟೆಪ್ ಬ್ಯಾಂಕೇ. ಇದನ್ನು ನ್ಯಾಯವಾದ ಖರೀದಿ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. ರಷ್ಯದ ಸಾಮಾನ್ಯ ಜನರಿಗೂ ಬರಲಿಲ್ಲ. ಮುಂದೆ ಖೋಡೊರ್ಕೊವ್‌ಸ್ಕಿಯನ್ನು ಹಿಡಿದಾಗ ಬೀದಿಯಲ್ಲಿ ಹೆಚ್ಚು ಜನ ಮರುಗದೇ ಇದ್ದುದಕ್ಕೆ ಈ ಕಾರಣವೂ ಇತ್ತು.

ಆದರೆ ಅದೇ ಹರಾಜಿನ ಪದ್ಧತಿಯಲ್ಲಿ ಆಸ್ತಿ ಪಡೆದವರು ಇನ್ನೂ ಹಲವರಿದ್ದರು. ಅಧಿಕಾರದ ಜೊತೆ ಹೊಂದಿಕೊಂಡವರ ಕಡತ ಕಪಾಟಿನಲ್ಲೇ ಉಳಿಯಿತು. ಎಲ್ಲರ ಮೇಲೂ ಏನಾದರೊಂದು ಕಡತ ಇರುವ ದೇಶದಲ್ಲಿ ಯಾರ ಕಡತ ಹೊರಬರುತ್ತದೆ ಎಂಬುದೇ ರಾಜಕೀಯ. ಅಲ್ಲಿನ ವ್ಯಾಪಾರಿಗಳ ಆಡುಮಾತಿನಲ್ಲಿ ಒಂದು ಶಬ್ದವಿದೆ, ‘ಕ್ರಿಶಾ’. ಸೂರು ಎಂದರ್ಥ. ನಿನ್ನ ತಲೆಯ ಮೇಲೆ ಯಾರ ಸೂರಿದೆ ಎಂದು ಕೇಳುತ್ತಾರೆ. ತೊಂಬತ್ತರ ದಶಕದಲ್ಲಿ ಅದು ಗೂಂಡಾ ಗುಂಪಿನ ಸೂರು. ಆಮೇಲೆ ಪೊಲೀಸ್, ತೆರಿಗೆ ಇಲಾಖೆ, ಗುಪ್ತಚರ ಸಂಸ್ಥೆಯ ಸೂರು.

2003ರ ಫೆಬ್ರುವರಿ 19ರಂದು ಕ್ರೆಮ್ಲಿನ್‌ನಲ್ಲಿ ಅಧ್ಯಕ್ಷ ಪುಟಿನ್ ಜೊತೆ ದೊಡ್ಡ ಉದ್ಯಮಿಗಳ ಸಭೆ. ಟಿವಿ ಕ್ಯಾಮೆರಾಗಳ ಎದುರು ಖೋಡೊರ್ಕೊವ್‌ಸ್ಕಿ ಸರ್ಕಾರಿ ಭ್ರಷ್ಟಾಚಾರದ ಬಗ್ಗೆ ಮಾತಾಡಿದರು. ಉದಾಹರಣೆಯಾಗಿ ಸರ್ಕಾರಿ ತೈಲ ಕಂಪನಿ ರಾಸ್‌ನೆಫ್ಟ್, ಸೆವೆರ್ನಾಯಾ ನೆಫ್ಟ್ ಎಂಬ ಚಿಕ್ಕ ಕಂಪನಿಯನ್ನು 60 ಕೋಟಿ ಡಾಲರಿಗೆ ಕೊಂಡದ್ದನ್ನು ಎತ್ತಿದರು. ಪುಟಿನ್ ತಿರುಗಿಸಿ ಯೂಕೋಸ್‌ನ ತೆರಿಗೆ ತಕರಾರುಗಳನ್ನು ನೆನಪಿಸಿದರು. ವಿರೋಧ ಪಕ್ಷಗಳಿಗೆ ಖೋಡೊರ್ಕೊವ್‌ಸ್ಕಿ ಹಣ ಕೊಡುತ್ತಿದ್ದರು, ಅಮೆರಿಕದ ತೈಲ ಕಂಪನಿಗಳ ಜೊತೆ ಷೇರು ಮಾರಾಟದ ಮಾತೂ ನಡೆಸಿದ್ದರು. ಮುಖ್ಯ ಕಾರಣ ಇವುಗಳಲ್ಲಿ ಯಾವುದು ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ನಾಲ್ಕೇ ತಿಂಗಳಲ್ಲಿ ಬಂಧನಗಳು ಶುರುವಾದವು.

ಆ ಬಂಧನಗಳ ಅನುಕ್ರಮ ಗಮನಿಸಬೇಕಾದದ್ದು. ಜೂನ್ 19ರಂದು ಕಂಪನಿಯ ಭದ್ರತಾ ವಿಭಾಗದ ಅಲೆಕ್ಸೆಯ್ ಪಿಚುಗಿನ್. ಜುಲೈ 2ರಂದು ಪಾಲುದಾರ ಪ್ಲಾಟೊನ್ ಲೆಬೆದೆವ್, ಅದೂ ಆಸ್ಪತ್ರೆಯಲ್ಲಿದ್ದಾಗ. ಅವರ ಮೇಲೆ ಹೊರಿಸಿದ್ದು ಒಂಬತ್ತು ವರ್ಷ ಹಿಂದಿನ, 1994ರ ಅಪಾತಿತ್ ಗೊಬ್ಬರ ಕಂಪನಿಯ ಷೇರು ಖರೀದಿಯ ವಿಷಯ. ಮೊದಲು ಕೆಳಗಿನವರು, ಆಮೇಲೆ ಪಕ್ಕದವರು. ದೇಶ ಬಿಟ್ಟು ಹೋಗು ಎಂದು ಯಜಮಾನನಿಗೆ ಹೇಳುವ ರೀತಿ ಅದು. ಖೋಡೊರ್ಕೊವ್‌ಸ್ಕಿ ಹೋಗಲಿಲ್ಲ. ಅಕ್ಟೋಬರ್ 25ರ ಬೆಳಗಿನ ಜಾವ ಅವರ ವಿಮಾನ ಇಂಧನ ತುಂಬಿಸಿಕೊಳ್ಳಲು ಸೈಬೀರಿಯದ ನೊವೊಸಿಬಿರ್ಸ್ಕ್‌ನಲ್ಲಿ ಇಳಿದಿದ್ದಾಗ ಮುಸುಕಿನ ಸಶಸ್ತ್ರ ಪಡೆ ಒಳನುಗ್ಗಿತು. ಐದು ದಿನ ಕಳೆದು ಕಂಪನಿಯ ಶೇ 40ಕ್ಕೂ ಹೆಚ್ಚು ಷೇರು ಜಪ್ತಿಯಾಯಿತು. ಡಿಸೆಂಬರ್‌ನಲ್ಲಿ ಹಳೆಯ ತೆರಿಗೆ ಲೆಕ್ಕಗಳ ಮರುಪರಿಶೀಲನೆ.

ತೆರಿಗೆಯ ತಕರಾರು ಏನಿತ್ತು? ಸೈಬೀರಿಯದಲ್ಲಿ ಎಣ್ಣೆ ತೆಗೆಯುವ ಘಟಕಗಳು ಅದನ್ನು ಕಡಿಮೆ ಬೆಲೆಗೆ ಕೆಲವು ವ್ಯಾಪಾರಿ ಕಂಪನಿಗಳಿಗೆ ಮಾರುತ್ತಿದ್ದವು. ಆ ಕಂಪನಿಗಳು ನೋಂದಣಿಯಾಗಿದ್ದದ್ದು ಮೊರ್ದೋವಿಯ, ಕಲ್ಮೀಕಿಯದಂಥ ಗಣರಾಜ್ಯಗಳಲ್ಲಿ, ಲೆಸ್ನಾಯ್, ತ್ರ್ಯೊಖ್‌ಗೋರ್ನಿಯಂಥ ನಿರ್ಬಂಧಿತ ಪಟ್ಟಣಗಳಲ್ಲಿ. ಅಲ್ಲಿ ತೆರಿಗೆ ರಿಯಾಯಿತಿ ಇತ್ತು. ಅವು ಅದೇ ಎಣ್ಣೆಯನ್ನು ಮಾರುಕಟ್ಟೆ ಬೆಲೆಗೆ ಮಾರಿದಾಗ ಲಾಭ ಅಲ್ಲೇ ಬೀಳುತ್ತಿತ್ತು, ತೆರಿಗೆ ಉಳಿಯುತ್ತಿತ್ತು. ಆ ಕಂಪನಿಗಳಿಗೆ ಹೆಸರು, ವಿಳಾಸ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಎಲ್ಲ ವ್ಯವಹಾರ ಮಾಸ್ಕೋದಿಂದಲೇ ನಡೆಯುತ್ತಿತ್ತು. ನಮ್ಮ ಮಾತಿನಲ್ಲಿ ಬೇನಾಮಿ ಎನ್ನಬಹುದು. ಮೂಲ ತೆರಿಗೆಯನ್ನು ಮತ್ತೆ ಲೆಕ್ಕ ಹಾಕಿದ್ದರಲ್ಲಿ ತಪ್ಪಿಲ್ಲ ಎಂದು ಮುಂದೆ ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯವೂ ಹೇಳಿತು. ಕಿರುಕುಳದ ಕಥೆ ಹೇಳುವವರು ಈ ಭಾಗವನ್ನು ಬಿಟ್ಟುಬಿಡುತ್ತಾರೆ, ಬಿಡಬಾರದು. ಬೇರೆ ತೈಲ ಕಂಪನಿಗಳೂ ಇಂಥದೇ ರಿಯಾಯಿತಿ ವಲಯಗಳನ್ನು ಬಳಸುತ್ತಿದ್ದವು ಎಂಬುದನ್ನೂ ಬಿಡಬಾರದು.

ನಿಜವಾದ ಉರುಳು ಇದ್ದದ್ದು ಮೌಲ್ಯವರ್ಧಿತ ತೆರಿಗೆಯಲ್ಲಿ, ಅಂದರೆ ವ್ಯಾಟ್‌ನಲ್ಲಿ. ನಮ್ಮಲ್ಲಿ ರಫ್ತಿಗೆ ಶೂನ್ಯ ದರದ ಜಿಎಸ್‌ಟಿ ಇರುವಂತೆ ಅಲ್ಲಿ ರಫ್ತಾದ ಎಣ್ಣೆಗೆ ಶೂನ್ಯ ದರದ ವ್ಯಾಟ್. ಆದರೆ ರಫ್ತು ಮಾಡಿದ್ದೇನೆ ಎಂದು ದಾಖಲೆ ಸಹಿತ ರಿಟರ್ನ್ ಸಲ್ಲಿಸಬೇಕು. ವ್ಯಾಪಾರಿ ಕಂಪನಿಗಳು ತಮ್ಮ ಹೆಸರಿನಲ್ಲಿ ಸಲ್ಲಿಸಿದ್ದವು. ಈಗ ಸಚಿವಾಲಯ ಹೇಳಿತು: ಆ ಕಂಪನಿಗಳು ಬರೀ ಹೆಸರಿಗೆ ಮಾತ್ರ, ಎಣ್ಣೆ ಯೂಕೋಸ್‌ನದು, ಆದ್ದರಿಂದ ವ್ಯಾಟ್ ಹೊರೆಯೂ ಯೂಕೋಸ್‌ನದು. ಹಾಗಾದರೆ ರಫ್ತಿನ ರಿಯಾಯಿತಿ? ಅದಕ್ಕೆ ಯೂಕೋಸ್ ತನ್ನ ಹೆಸರಿನಲ್ಲಿ ರಿಟರ್ನ್ ಸಲ್ಲಿಸಿಲ್ಲವಲ್ಲ, ಆದ್ದರಿಂದ ಇಲ್ಲ. ಒಂದೇ ಎಣ್ಣೆ, ತೆರಿಗೆ ಹೇರುವಾಗ ಯೂಕೋಸ್‌ನದು, ರಿಯಾಯಿತಿ ಕೇಳಿದಾಗ ಇನ್ಯಾರದೋ. 2000ರಿಂದ 2004ರವರೆಗಿನ ಐದು ವರ್ಷಗಳಿಗೆ ಹೇರಿದ ಒಟ್ಟು 2,400 ಕೋಟಿ ಡಾಲರಿನಲ್ಲಿ ದೊಡ್ಡ ಪಾಲು ಈ ವ್ಯಾಟ್ ಮತ್ತು ಅದರ ಮೇಲಿನ ದಂಡ. ಲೆಕ್ಕಪರಿಶೋಧನೆ ಗೊತ್ತಿದ್ದವರಿಗೆ ಇದೊಂದೇ ಸಾಲು ಸಾಕು, ಉದ್ದೇಶ ವಸೂಲಿಯೋ ಮುಳುಗಿಸುವುದೋ ಎಂದು ಗೊತ್ತಾಗಲು.

ಇನ್ನು ನ್ಯಾಯಾಲಯದ ಕ್ಯಾಲೆಂಡರ್. 2000ನೇ ವರ್ಷದ ಬಾಕಿಯ ವಿಚಾರಣೆ 2004ರ ಮೇ 21ರಂದು ಶುರು. ಸರ್ಕಾರದ ಕಡೆಯ ದಾಖಲೆಗಳು ಕನಿಷ್ಠ 43,000 ಪುಟ. ಕಂಪನಿಯ ವಕೀಲರಿಗೆ ಅವನ್ನು ನೋಡಲು ಸಿಕ್ಕಿದ್ದು ನಾಲ್ಕು ದಿನ. ದಿನಕ್ಕೆ 10,750 ಪುಟ. ಊಟ, ನಿದ್ದೆ ಬಿಟ್ಟು ಇಪ್ಪತ್ತನಾಲ್ಕು ಗಂಟೆ ಓದಿದರೂ ನಿಮಿಷಕ್ಕೆ ಏಳು ಪುಟಕ್ಕಿಂತ ಹೆಚ್ಚು. ಮೇ 26ಕ್ಕೆ ತೀರ್ಪು. ಮೇಲ್ಮನವಿಯ ಹಂತದಲ್ಲೂ ಒಟ್ಟು ಸಿಕ್ಕ ಕಾಲ ಮೂರು ವಾರ. ಇಷ್ಟು ಕಡಿಮೆ ಸಮಯದಲ್ಲಿ ನ್ಯಾಯವಾದ ವಿಚಾರಣೆ ಸಾಧ್ಯವಿರಲಿಲ್ಲ ಎಂದು ಸ್ಟ್ರಾಸ್‌ಬರ್ಗ್ ನ್ಯಾಯಾಲಯ 2011ರಲ್ಲಿ ಹೇಳಿತು. ಅಷ್ಟು ಹೊತ್ತಿಗೆ ಕಂಪನಿಯೇ ಇಲ್ಲವಾಗಿ ನಾಲ್ಕು ವರ್ಷವಾಗಿತ್ತು.

ಒಂದು ಕಡೆ ಕಾಲ ಕುಗ್ಗಿತು, ಇನ್ನೊಂದು ಕಡೆ ಹಿಗ್ಗಿತು. ರಷ್ಯದ ತೆರಿಗೆ ಸಂಹಿತೆಯಲ್ಲಿ ದಂಡ ಹಾಕಲು ಮೂರು ವರ್ಷದ ಕಾಲಮಿತಿ. 2000ನೇ ವರ್ಷಕ್ಕೆ ಅದು 2003ರ ಕೊನೆಗೆ ಮುಗಿದಿತ್ತು. ದಂಡದ ಆದೇಶ ಬಂದದ್ದು 2004ರ ಏಪ್ರಿಲ್‌ನಲ್ಲಿ. ಇದಕ್ಕೆ ಪರಿಹಾರ ಸಿಕ್ಕಿದ್ದು 2005ರ ಜುಲೈ 14ರಂದು: ತೆರಿಗೆದಾರ ತಪಾಸಣೆಗೆ ಬೇಕೆಂದೇ ಅಡ್ಡಿ ಮಾಡಿದ್ದರೆ ಆ ಮಿತಿಯನ್ನು ಮೀರಬಹುದು ಎಂದು ಸಾಂವಿಧಾನಿಕ ನ್ಯಾಯಾಲಯ ಹೊಸ ವ್ಯಾಖ್ಯಾನ ಕೊಟ್ಟಿತು, ಅದು ಹಿಂದಿನ ತಾರೀಖಿಗೂ ಅನ್ವಯಿಸಿತು. ಬೇಕೆಂದೇ ತಪ್ಪಿಸಿದ ತೆರಿಗೆಗೆ ದಂಡ ಶೇ 40. ಮೇಲಿನ ಅಂಕಿಗಳನ್ನು ನೋಡಿ, 4,799 ಕೋಟಿಯ ಶೇ 40 ಎಂದರೆ ಸರಿಯಾಗಿ ಆ 1,920 ಕೋಟಿ. ಅದೇ ತಪ್ಪು ಮರುಕಳಿಸಿದರೆ ದಂಡ ಇಮ್ಮಡಿ, ಶೇ 80. 2001ನೇ ವರ್ಷದ ಬಾಕಿಗೆ ಹೀಗೆ ಇಮ್ಮಡಿ ಹಾಕಿದರು. ಅಂದರೆ ಅವಧಿ ಮೀರಿದ ದಂಡವನ್ನು ಮೊದಲು ಜೀವಂತ ಮಾಡಿ, ಅದರ ಆಧಾರದ ಮೇಲೆ ಮುಂದಿನ ವರ್ಷದ ದಂಡವನ್ನು ದ್ವಿಗುಣ ಮಾಡಿದ್ದಾಯಿತು. ಸ್ಟ್ರಾಸ್‌ಬರ್ಗ್‌ನಲ್ಲಿ ಈ ಎರಡೂ ಬಿದ್ದುಹೋದವು.

2004ರ ಜೂನ್ 30ರಂದು ವಸೂಲಿ ಜಾರಿಯಾಯಿತು. ನಮ್ಮ ಕೋರ್ಟ್ ಅಮೀನರ ಕೆಲಸ ಮಾಡುವ ಅಧಿಕಾರಿಗಳು ಅಲ್ಲೂ ಇದ್ದಾರೆ. ಐದು ದಿನದೊಳಗೆ ಕಟ್ಟಿ, ತಪ್ಪಿದರೆ ಬಾಕಿಯ ಮೇಲೆ ಶೇ 7 ಜಾರಿ ಶುಲ್ಕ ಎಂದರು. ನೂರು ರೂಬಲ್ ಬಾಕಿಗೆ ಏಳು ರೂಬಲ್ ಎಂದರೆ ಸಣ್ಣದು. ಸಾವಿರಾರು ಕೋಟಿಗೆ? ಎಲ್ಲ ವರ್ಷಗಳದ್ದು ಸೇರಿ ಶುಲ್ಕವೇ 4,300 ಕೋಟಿ ರೂಬಲ್ ದಾಟಿತು. ವಸೂಲಿಗೆ ನಿಜಕ್ಕೂ ತಗುಲುವ ಖರ್ಚಿಗೂ ಇದಕ್ಕೂ ಯಾವ ಸಂಬಂಧವೂ ಇರಲಿಲ್ಲ.

ಸಾಲಗಾರನ ಆಸ್ತಿ ಜಪ್ತಿಗೆ ರಷ್ಯದ ಕಾನೂನಿನಲ್ಲೂ ಒಂದು ಕ್ರಮವಿತ್ತು. ಮೊದಲು ನಗದು, ಆಮೇಲೆ ಉತ್ಪಾದನೆಗೆ ನೇರ ಸಂಬಂಧವಿಲ್ಲದ ಷೇರು, ವಾಹನ, ಕಚೇರಿ ಸಾಮಾನು, ಆಮೇಲೆ ಸಿದ್ಧ ಸರಕು, ಕೊಟ್ಟಕೊನೆಗೆ ಉತ್ಪಾದನೆಯ ಆಸ್ತಿ. ರೈತನ ಮನೆ ಜಪ್ತಿಗೆ ಬಂದವರು ನೊಗ, ಎತ್ತು, ಬಿತ್ತನೆ ಬೀಜ ಮುಟ್ಟಬಾರದು ಎನ್ನುವ ವಿವೇಕವೇ ಇದರ ಹಿಂದೆಯೂ ಇರುವುದು. ದುಡಿಯುವ ದಾರಿ ಉಳಿದರೆ ತಾನೇ ಸಾಲ ತೀರುವುದು? ಕಂಪನಿ ತನ್ನ ಬಳಿ ಇದ್ದ ಸಿಬ್‌ನೆಫ್ಟ್ ಎಂಬ ಇನ್ನೊಂದು ತೈಲ ಕಂಪನಿಯ ಶೇ 34.5 ಷೇರನ್ನು ಮೊದಲು ತೆಗೆದುಕೊಳ್ಳಿ ಎಂದು ಮುಂದಿಟ್ಟಿತು. ಆ ಷೇರಿನ ಮೇಲೆ ವ್ಯಾಜ್ಯವಿದೆ ಎಂದು ಅಧಿಕಾರಿಗಳು ಒಪ್ಪಲಿಲ್ಲ. ಅವರು ಕೈ ಹಾಕಿದ್ದು ನೇರ ಯುಗಾನ್ಸ್ಕ್‌ನೆಫ್ಟೆಗಾಜ್‌ಗೆ. ದಿನಕ್ಕೆ ಸುಮಾರು 10 ಲಕ್ಷ ಬ್ಯಾರೆಲ್ ತೆಗೆಯುತ್ತಿದ್ದ ಘಟಕ ಅದು, ಯೂಕೋಸ್‌ನ ಉತ್ಪಾದನೆಯಲ್ಲಿ ಸುಮಾರು ಶೇ 60. ಎತ್ತನ್ನೇ ಹೊಡೆದುಕೊಂಡು ಹೋದರು.

ಹರಾಜಿಗೆ ಮುನ್ನ ಸರ್ಕಾರದ ಕಡೆಯಿಂದಲೇ ಜರ್ಮನಿಯ ಡ್ರೆಸ್ಡ್ನರ್ ಬ್ಯಾಂಕಿನ ಹೂಡಿಕೆ ವಿಭಾಗಕ್ಕೆ ಕಿಮ್ಮತ್ತು ಕಟ್ಟುವ ಕೆಲಸ ಕೊಟ್ಟಿದ್ದರು. ಘಟಕದ ಮೇಲಿನ ತೆರಿಗೆ ಹೊರೆಯನ್ನು ಕಳೆದೂ 1,470ರಿಂದ 1,730 ಕೋಟಿ ಡಾಲರ್ ಎಂದು ಅವರು ಹೇಳಿದರು. ಹರಾಜಿನ ತಾರೀಖು 2004ರ ಡಿಸೆಂಬರ್ 19, ಭಾನುವಾರ. ಆರಂಭಿಕ ಬೆಲೆ 24,675 ಕೋಟಿ ರೂಬಲ್. ಭಾಗವಹಿಸಲು ಅದರ ಶೇ 20ರಷ್ಟು, ಅಂದರೆ 4,935 ಕೋಟಿ, ಮುಂಗಡ ಠೇವಣಿ. ಹತ್ತಿರ ಬಂದಾಗ ಒಂದು ತೊಡಕು ಎದುರಾಯಿತು: ಯೂಕೋಸ್ ಅಮೆರಿಕದ ಹ್ಯೂಸ್ಟನ್‌ನಲ್ಲಿ ದಿವಾಳಿ ರಕ್ಷಣೆಯ ಅರ್ಜಿ ಹಾಕಿ ಡಿಸೆಂಬರ್ 16ರಂದು ತಾತ್ಕಾಲಿಕ ತಡೆಯಾಜ್ಞೆ ಪಡೆಯಿತು. ಖರೀದಿಗೆ ಸಿದ್ಧವಾಗಿದ್ದ ಸರ್ಕಾರಿ ಅನಿಲ ಕಂಪನಿ ಗ್ಯಾಜ್‌ಪ್ರಾಮ್‌ನ ಅಂಗಸಂಸ್ಥೆಗೆ ಸಾಲ ಕೊಡಬೇಕಿದ್ದ ಪಾಶ್ಚಾತ್ಯ ಬ್ಯಾಂಕುಗಳು ಹಿಂದೆ ಸರಿದವು.

ಭಾನುವಾರ ಹರಾಜಿನ ಕೋಣೆಯಲ್ಲಿ ಇಬ್ಬರು ಬಿಡ್ಡುದಾರರು. ಗ್ಯಾಜ್‌ಪ್ರಾಮ್ ಕಡೆಯವರು ಕೂಗಲಿಲ್ಲ. ಇನ್ನೊಂದು ಕಂಪನಿ ಬೈಕಾಲ್‌ಫಿನಾನ್ಸ್‌ಗ್ರೂಪ್ 26,075 ಕೋಟಿ ರೂಬಲ್ ಎಂದು ಕೂಗಿತು, ಸುತ್ತಿಗೆ ಬಿತ್ತು. ಕೆಲವೇ ನಿಮಿಷಗಳ ಕೆಲಸ. ಸುಮಾರು 935 ಕೋಟಿ ಡಾಲರಿಗೆ ಶೇ 76.79 ಷೇರು ಹೋಯಿತು. ಈ ಬೈಕಾಲ್ ಕಂಪನಿ ನೋಂದಣಿಯಾಗಿದ್ದು ಡಿಸೆಂಬರ್ 6ರಂದು, ಹರಾಜಿಗೆ ಹದಿಮೂರು ದಿನ ಮೊದಲು, ತ್ವೇರ್ ಎಂಬ ಊರಿನಲ್ಲಿ. ಮೂಲ ಬಂಡವಾಳ 10,000 ರೂಬಲ್, ಆ ಕಾಲಕ್ಕೆ ಮುನ್ನೂರೈವತ್ತು ಡಾಲರಿನಷ್ಟು. ಪತ್ರಕರ್ತರು ಆ ವಿಳಾಸ ಹುಡುಕಿಕೊಂಡು ಹೋದಾಗ ಸಿಕ್ಕಿದ್ದು ಒಂದು ಸಾಧಾರಣ ಕಟ್ಟಡ, ಅದರಲ್ಲಿ ಕೆಫೆ, ಮೊಬೈಲ್ ಅಂಗಡಿ. ವ್ಯಾಪಾರಿ ಕಂಪನಿಗಳು ಬರೀ ಹೆಸರಿಗೆ ಮಾತ್ರ ಇದ್ದವು ಎಂದು ಯೂಕೋಸ್‌ಗೆ ದಂಡ ಹಾಕಿದ ಸರ್ಕಾರ, ಬರೀ ಹೆಸರಿಗಿದ್ದ ಈ ಕಂಪನಿಯ ಕೈಗೆ ದೇಶದ ಅತಿ ದೊಡ್ಡ ತೈಲ ಘಟಕಗಳಲ್ಲೊಂದನ್ನು ಕೊಟ್ಟಿತು. ನಾಲ್ಕೈದು ದಿನದೊಳಗೆ ಬೈಕಾಲ್ ಅನ್ನು ರಾಸ್‌ನೆಫ್ಟ್ ಕೊಂಡುಕೊಂಡಿತು. 2003ರ ಫೆಬ್ರುವರಿಯ ಸಭೆಯಲ್ಲಿ ಖೋಡೊರ್ಕೊವ್‌ಸ್ಕಿ ಬೊಟ್ಟು ಮಾಡಿ ತೋರಿಸಿದ್ದ ಅದೇ ರಾಸ್‌ನೆಫ್ಟ್. ಒಂದೇ ವರ್ಷದಲ್ಲಿ ಅದರ ಉತ್ಪಾದನೆ ಮೂರು ಪಟ್ಟಿಗೂ ಹೆಚ್ಚಾಯಿತು. ಕರ್ನಾಟಕದ ಹೆದ್ದಾರಿಗಳಲ್ಲಿ ಕಾಣುವ ನಯಾರಾ ಪೆಟ್ರೋಲ್ ಬಂಕುಗಳ ಒಡೆತನದ ಕಂಪನಿಯಲ್ಲಿ 2017ರಿಂದ ಶೇ 49.13 ಪಾಲು ಈ ರಾಸ್‌ನೆಫ್ಟ್‌ನದೇ.

ಉಳಿದ ಯೂಕೋಸ್ 2006ರ ಆಗಸ್ಟ್‌ನಲ್ಲಿ ದಿವಾಳಿ ಎಂದು ಘೋಷಣೆಯಾಯಿತು, 2007ರ ನವೆಂಬರ್ 21ಕ್ಕೆ ನೋಂದಣಿ ಪುಸ್ತಕದಿಂದಲೇ ಅಳಿಸಿಹೋಯಿತು.

ಷೇರು, ಬ್ಯಾರೆಲ್ಲುಗಳ ಲೆಕ್ಕದಲ್ಲಿ ಮನುಷ್ಯರು ಮರೆಯಾಗುತ್ತಾರೆ. ಯೂಕೋಸ್‌ನ ವಕೀಲೆ ಸ್ವೆತ್ಲಾನಾ ಬಖ್ಮಿನಾ ಅವರನ್ನು 2004ರ ಡಿಸೆಂಬರ್‌ನಲ್ಲಿ ಹಿಡಿದರು. ಇಬ್ಬರು ಚಿಕ್ಕ ಮಕ್ಕಳ ತಾಯಿ. ಸೆರೆಯಲ್ಲಿದ್ದಾಗಲೇ 2008ರಲ್ಲಿ ಮೂರನೇ ಮಗು ಹುಟ್ಟಿತು, 2009ರಲ್ಲಿ ಬಿಡುಗಡೆ. ಇನ್ನೊಬ್ಬ ವಕೀಲ ವಾಸಿಲಿ ಅಲೆಕ್ಸಾನ್ಯಾನ್ 2006ರ ಏಪ್ರಿಲ್‌ನಲ್ಲಿ ಸೆರೆಯಾದರು, ಎಚ್‌ಐವಿ ಸೋಂಕು ಉಲ್ಬಣಿಸಿತ್ತು. ವಿಶೇಷ ಆಸ್ಪತ್ರೆಗೆ ಸೇರಿಸಿ ಎಂದು ಸ್ಟ್ರಾಸ್‌ಬರ್ಗ್ ನ್ಯಾಯಾಲಯ ಮಧ್ಯಂತರ ಸೂಚನೆ ಕೊಟ್ಟಿದ್ದರೂ ವಾರಗಟ್ಟಲೆ ಸೇರಿಸಲಿಲ್ಲ. ಕೊನೆಗೆ ಜಾಮೀನು ಕೊಟ್ಟರು, ಮೊತ್ತ 5 ಕೋಟಿ ರೂಬಲ್. 2011ರಲ್ಲಿ, ನಲವತ್ತು ದಾಟುವ ಮೊದಲೇ, ತೀರಿಕೊಂಡರು. ಇವರು ಕಂಪನಿಯ ಒಡೆಯರಲ್ಲ, ಸಂಬಳಕ್ಕೆ ದುಡಿಯುತ್ತಿದ್ದವರು. ಯಜಮಾನನ ವಿರುದ್ಧ ಸಾಕ್ಷಿ ಹೇಳಿದರೆ ಮನೆಗೆ ಹೋಗಬಹುದು ಎಂಬ ಮಾತು ಬಂದಿತ್ತು ಎಂದು ಅಲೆಕ್ಸಾನ್ಯಾನ್ ನ್ಯಾಯಾಲಯದಲ್ಲಿ ಹೇಳಿದ್ದರು. ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಕ್ರೂರವಾಗಿ ಕಾಣುವುದು ಇದೇ ಭಾಗ.

ಖೋಡೊರ್ಕೊವ್‌ಸ್ಕಿಗೆ 2005ರಲ್ಲಿ ಒಂಬತ್ತು ವರ್ಷ ಸಜೆ, ಮೇಲ್ಮನವಿಯಲ್ಲಿ ಎಂಟು. ಕಳಿಸಿದ್ದು ಮಾಸ್ಕೋದಿಂದ 6,000 ಕಿಲೋಮೀಟರಿಗೂ ದೂರದ, ಯುರೇನಿಯಂ ಗಣಿಯ ಊರಾದ ಕ್ರಾಸ್ನೊಕಮೆನ್ಸ್ಕ್‌ಗೆ. ಅಲ್ಲೂ ತಾರೀಖುಗಳದ್ದೇ ಆಟ. ಅರ್ಧ ಶಿಕ್ಷೆ ಮುಗಿದರೆ ಪೆರೋಲ್ ಕೇಳಬಹುದು, ಆದರೆ ನಡತೆಯ ದಾಖಲೆ ಶುಭ್ರವಾಗಿರಬೇಕು. 2007ರ ಅಕ್ಟೋಬರ್ 25ಕ್ಕೆ ಅರ್ಧ ಶಿಕ್ಷೆ ಮುಗಿಯುತ್ತಿತ್ತು. ಆ ಫೆಬ್ರುವರಿಯಲ್ಲೇ ಹೊಸ ಆರೋಪಗಳು ಬಂದವು. ಅಕ್ಟೋಬರ್‌ನಲ್ಲಿ, ಗಾಳಿಸೇವನೆ ಮುಗಿಸಿ ಬರುವಾಗ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿರಲಿಲ್ಲ ಎಂದು ಶಿಸ್ತುಕ್ರಮ ದಾಖಲಾಯಿತು. ಮುಂದಿನ ವರ್ಷ ಪೆರೋಲ್ ಅರ್ಜಿ ತಿರಸ್ಕರಿಸುವಾಗ ಕೊಟ್ಟ ಕಾರಣಗಳಲ್ಲಿ, ಹೊಲಿಗೆ ತರಬೇತಿಗೆ ಸೇರಲಿಲ್ಲ ಎಂಬುದೂ ಇತ್ತು.

ಎರಡನೇ ಮೊಕದ್ದಮೆಯಲ್ಲಿ ಆರೋಪ ಏನು ಗೊತ್ತೇ? ಎಣ್ಣೆಯನ್ನೇ ಕದ್ದರು ಎಂದು. ತೀರ್ಪಿನ ಪ್ರಕಾರ 21.8 ಕೋಟಿ ಟನ್. ಮೊದಲ ಮೊಕದ್ದಮೆಯಲ್ಲಿ, ಎಣ್ಣೆ ಮಾರಿ ಬಂದ ಲಾಭಕ್ಕೆ ತೆರಿಗೆ ಕಟ್ಟಲಿಲ್ಲ ಎಂದು ಶಿಕ್ಷೆ. ಎರಡನೆಯದರಲ್ಲಿ ಅದೇ ವರ್ಷಗಳ ಎಣ್ಣೆಯನ್ನು ತಮ್ಮದೇ ಕಂಪನಿಯ ಘಟಕಗಳಿಂದ ಕದ್ದರು ಎಂದು. ಕದ್ದ ಮಾಲಿಗೆ ಆದಾಯ ತೆರಿಗೆ ಹಾಕುವುದು ಯಾವ ಲೆಕ್ಕ? 2010ರ ಡಿಸೆಂಬರ್‌ನಲ್ಲಿ ತೀರ್ಪು ಬಂತು, ಬಂಧನದ ದಿನದಿಂದ ಎಣಿಸಿ ಒಟ್ಟು ಹದಿನಾಲ್ಕು ವರ್ಷ. ಮೇಲಿನಿಂದ ಒತ್ತಡವಿತ್ತು ಎಂದು ನ್ಯಾಯಾಧೀಶರ ಸಹಾಯಕಿ ಎರಡು ತಿಂಗಳ ನಂತರ ಬಹಿರಂಗವಾಗಿ ಹೇಳಿದರು. ನ್ಯಾಯಾಧೀಶರು ಅಲ್ಲಗಳೆದರು. 2013ರ ಡಿಸೆಂಬರ್ 20ರಂದು ಪುಟಿನ್ ಕ್ಷಮಾದಾನ ಕೊಟ್ಟರು, ಅಂದೇ ಖೋಡೊರ್ಕೊವ್‌ಸ್ಕಿಯನ್ನು ಬರ್ಲಿನ್‌ಗೆ ಕಳಿಸಿದರು. ಹತ್ತು ವರ್ಷ, ಎರಡು ತಿಂಗಳು.

ಈ ತಾರೀಖುಗಳ ಪಕ್ಕದಲ್ಲಿ ಬೇರೊಂದು ಪ್ರಕರಣದ ತಾರೀಖನ್ನಿಡಬೇಕು: 2007ರ ಡಿಸೆಂಬರ್ 24. ಅಂದು ಮಾಸ್ಕೋದ ತೆರಿಗೆ ಕಚೇರಿಗಳಲ್ಲಿ 540 ಕೋಟಿ ರೂಬಲ್ ತೆರಿಗೆ ಮರುಪಾವತಿ ಒಂದೇ ದಿನದಲ್ಲಿ ಮಂಜೂರಾಯಿತು. ಆಗಿನ 23 ಕೋಟಿ ಡಾಲರ್. ಕೇಳಿದವರು ಆ ತೆರಿಗೆ ಕಟ್ಟಿದ್ದ ಕಂಪನಿಗಳ ನಿಜವಾದ ಮಾಲೀಕರಲ್ಲ. ಆ ವರ್ಷದ ಜೂನ್ 4ರಂದು ಹರ್ಮಿಟೇಜ್ ಎಂಬ ಹೂಡಿಕೆ ಸಂಸ್ಥೆಯ ಕಚೇರಿ ಮತ್ತು ಅದರ ವಕೀಲರ ಕಚೇರಿಯ ಮೇಲೆ ಪೊಲೀಸ್ ದಾಳಿ ನಡೆದಿತ್ತು. ಅಧಿಕಾರಿಗಳು ಒಯ್ದದ್ದು ಮೂರು ಅಂಗಸಂಸ್ಥೆಗಳ ದುಂಡು ಮೊಹರು, ಸ್ಥಾಪನಾ ಪತ್ರ, ನೋಂದಣಿ ಪ್ರಮಾಣಪತ್ರಗಳನ್ನು. ಅವು ಕೈಯಲ್ಲಿದ್ದರೆ ಕಂಪನಿ ಕೈಯಲ್ಲಿದ್ದಂತೆ. ಕೆಲವೇ ತಿಂಗಳಲ್ಲಿ ಮೂರೂ ಕಂಪನಿಗಳು, ಹಿಂದೆ ಶಿಕ್ಷೆಯಾಗಿದ್ದವನೊಬ್ಬನ ಹೆಸರಿಗೆ ಬದಲಾದವು. ಹಿಂದಿನ ತಾರೀಖಿನ ನಕಲಿ ಕರಾರು ತೋರಿಸಿ ಸುಮಾರು 100 ಕೋಟಿ ಡಾಲರ್ ನಷ್ಟ ಎಂದು ಇನ್ಯಾರೋ ದಾವೆ ಹೂಡಿದರು, ಕಂಪನಿ ಪರ ಬಂದ ವಕೀಲರು ಪೂರ್ತಿ ಒಪ್ಪಿಕೊಂಡರು. ನಷ್ಟವಾಯಿತೆಂದ ಮೇಲೆ ಹಿಂದಿನ ವರ್ಷ ಲಾಭದ ಮೇಲೆ ಕಟ್ಟಿದ್ದ ತೆರಿಗೆ ವಾಪಸ್ ಬರಬೇಕಲ್ಲ? ಅದೇ ಆ 540 ಕೋಟಿ. ಮರುಪಾವತಿಗಾಗಿ ತಿಂಗಳುಗಟ್ಟಲೆ ಕಚೇರಿ ಅಲೆದ ಯಾವ ವ್ಯಾಪಾರಿಯಾದರೂ ಆ ಒಂದು ದಿನದ ಅರ್ಥ ಬಲ್ಲ.

ಇದನ್ನು ಬಿಡಿಸಿಟ್ಟ ತೆರಿಗೆ ಸಲಹೆಗಾರ ಸೆರ್ಗೆಯ್ ಮ್ಯಾಗ್ನಿಟ್‌ಸ್ಕಿ. 2008ರಲ್ಲಿ ಹೇಳಿಕೆ ಕೊಟ್ಟರು, ನವೆಂಬರ್ 24ರಂದು ಅವರನ್ನೇ ಬಂಧಿಸಿದರು. ಸೆರೆಯಲ್ಲಿ ಪಿತ್ತಕೋಶದ ಕಲ್ಲು, ಮೇದೋಜೀರಕ ಗ್ರಂಥಿಯ ಉರಿಯೂತ ಪತ್ತೆಯಾಯಿತು. 2009ರ ಆಗಸ್ಟ್ 1ಕ್ಕೆ ಸ್ಕ್ಯಾನಿಂಗ್ ನಿಗದಿಯಾಗಿತ್ತು. ಜುಲೈ 25ರಂದು, ಒಂದು ವಾರ ಮೊದಲು, ಆ ಸೌಲಭ್ಯವಿಲ್ಲದ ಬುತಿರ್ಕಾ ಜೈಲಿಗೆ ವರ್ಗ ಮಾಡಿದರು. ವಿಚಾರಣೆಯಿಲ್ಲದೆ ಇಟ್ಟುಕೊಳ್ಳಲು ಇದ್ದ ಮಿತಿ ಒಂದು ವರ್ಷ. 358ನೇ ದಿನ, ನವೆಂಬರ್ 16ರಂದು, ಅವರು ತೀರಿಕೊಂಡರು. ವಯಸ್ಸು 37. 2013ರಲ್ಲಿ ಸತ್ತವರ ಮೇಲೆಯೇ ಮೊಕದ್ದಮೆ ನಡೆಸಿ, ತೆರಿಗೆ ವಂಚನೆ ಮಾಡಿದ್ದಾರೆ ಎಂದು ತೀರ್ಪು ಕೊಟ್ಟರು.

ಹೆಸರಾದ ಪ್ರಕರಣಗಳು ಇವು. ಕೆಳಗೆ ಬೇಕರಿ, ಮರದ ಮಿಲ್ಲು, ಮೊಬೈಲ್ ಅಂಗಡಿಗಳವರೆಗೂ ಇದೇ ಯಂತ್ರ ಚಿಕ್ಕ ಅಳತೆಯಲ್ಲಿ ತಿರುಗುತ್ತದೆ. ಮೊಬೈಲ್ ಮಾರಾಟ ಸರಪಳಿ ಯೆವ್ರೊಸೆತ್‌ಗೆ ಬಂದ 1,67,500 ಮೋಟೊರೋಲಾ ಫೋನುಗಳನ್ನು 2006ರಲ್ಲಿ ಮಾಸ್ಕೋದ ವಿಮಾನ ನಿಲ್ದಾಣದಲ್ಲಿ ಪೊಲೀಸರು ಹಿಡಿದರು. ಒಂದಷ್ಟನ್ನು ನಾಶಪಡಿಸಿದೆವು ಎಂದೂ ಹೇಳಿದರು. 2008ರಲ್ಲಿ, ಐದು ವರ್ಷ ಹಿಂದಿನ ಘಟನೆಯೊಂದನ್ನು ಹಿಡಿದು ಅಪಹರಣದ ಕೇಸು. ಸಂಸ್ಥಾಪಕ ಯೆವ್ಗೆನಿ ಚಿಚ್‌ವಾರ್ಕಿನ್ ಕಂಪನಿ ಮಾರಿ ಲಂಡನ್ ಸೇರಿದರು. ಮಾರಾಟ, ವಲಸೆ ಎಲ್ಲ ಮುಗಿದು ಎರಡು ವರ್ಷದ ಮೇಲೆ, 2011ರಲ್ಲಿ, ಕೇಸು ಮುಚ್ಚಿತು.

ಎಷ್ಟು ವ್ಯಾಪಕ ಎಂಬುದಕ್ಕೆ ಅಂಕಿ ಕೊಟ್ಟವರು ಪುಟಿನ್ ಅವರೇ. 2015ರ ಡಿಸೆಂಬರ್‌ನ ವಾರ್ಷಿಕ ಭಾಷಣದಲ್ಲಿ ಅವರು ಹೇಳಿದ್ದು: 2014ರಲ್ಲಿ ಆರ್ಥಿಕ ಅಪರಾಧಗಳೆಂದು ದಾಖಲಾದ ಕೇಸುಗಳು ಸುಮಾರು 2 ಲಕ್ಷ. ನ್ಯಾಯಾಲಯ ತಲುಪಿದ್ದು 46,000, ಅದರಲ್ಲೂ 15,000 ಅಲ್ಲೇ ಬಿದ್ದುಹೋದವು. ಶಿಕ್ಷೆಯವರೆಗೆ ಹೋದದ್ದು ಶೇ 15. ಆದರೆ ಕೇಸು ಎದುರಿಸಿದ ಉದ್ಯಮಿಗಳಲ್ಲಿ ಶೇ 83 ಮಂದಿ ವ್ಯಾಪಾರವನ್ನು ಪೂರ್ತಿಯಾಗಿಯೋ ಭಾಗಶಃವಾಗಿಯೋ ಕಳೆದುಕೊಂಡಿದ್ದರು. ಈ ಎರಡು ಅಂಕಿಗಳ ನಡುವಿನ ಅಂತರವನ್ನೇ ನೋಡಬೇಕು. ಶಿಕ್ಷೆ ಕೊಡಿಸುವುದು ಬೇಕಾಗಿಯೇ ಇರಲಿಲ್ಲ. ಯಜಮಾನ ಎರಡು ತಿಂಗಳು ಒಳಗಿದ್ದರೆ ಸಾಕು, ಬ್ಯಾಂಕು ಸಾಲ ವಾಪಸ್ ಕೇಳುತ್ತದೆ, ಸರಬರಾಜುದಾರ ಮುಂಗಡ ಕೇಳುತ್ತಾನೆ, ಸಂಬಳ ನಿಲ್ಲುತ್ತದೆ, ಗಿರಾಕಿ ಬೇರೆಡೆ ಹೋಗುತ್ತಾನೆ. ಆಮೇಲೆ ಒಬ್ಬ ಸಭ್ಯನಂತೆ ಕಾಣುವವನು ಬಂದು, ಇಷ್ಟಕ್ಕೆ ಕೊಡುತ್ತೀರಾ ಎನ್ನುತ್ತಾನೆ.

ಸುಧಾರಣೆ ಪ್ರಯತ್ನ ಆಗಲಿಲ್ಲವೆಂದಲ್ಲ. ವ್ಯಾಪಾರ ಸಂಬಂಧಿ ಅಪರಾಧಗಳಲ್ಲಿ ವಿಚಾರಣೆಗೆ ಮುನ್ನ ಸೆರೆಯಲ್ಲಿಡಬಾರದು ಎಂದು 2010ರ ಏಪ್ರಿಲ್‌ನಲ್ಲಿ ದಂಡಪ್ರಕ್ರಿಯೆ ಸಂಹಿತೆಯ 108ನೇ ಕಲಮಿಗೆ ತಿದ್ದುಪಡಿ ಬಂತು. ತನಿಖಾಧಿಕಾರಿಗಳು ದಾರಿ ಕಂಡುಕೊಂಡರು: ದಂಡ ಸಂಹಿತೆಯ 159ನೇ ಕಲಮಿನ ವಂಚನೆ ಕೇಸು ಹಾಕಿ, ವಂಚನೆ ಎಂದ ಮೇಲೆ ಅದು ವ್ಯಾಪಾರವೇ ಅಲ್ಲ ಎನ್ನುವುದು. ನ್ಯಾಯಾಧೀಶರು ಒಪ್ಪುತ್ತಾ ಹೋದರು. 2019ರಲ್ಲಿ ಅಮೆರಿಕದ ಹೂಡಿಕೆದಾರ ಮೈಕೆಲ್ ಕ್ಯಾಲ್ವಿ ಸೆರೆಯಾದದ್ದೂ 159ರಲ್ಲೇ.

ಹೀಗಾಗಿ ಅಲ್ಲಿನ ವಕೀಲರು ಕಕ್ಷಿದಾರರಿಗೆ ಕಲಿಸುವುದು ತೀರ ಸಣ್ಣ ಸಣ್ಣ ಸಂಗತಿಗಳನ್ನು. ಮೂಲ ದಾಖಲೆಗಳನ್ನು ಕಚೇರಿಯಲ್ಲಿಡಬೇಡಿ, ನೋಟರಿ ದೃಢೀಕರಿಸಿದ ನಕಲು ಇಡಿ. ಕಂಪನಿ ನೋಂದಣಿ ಪುಸ್ತಕದಲ್ಲಿ ನಿಮ್ಮ ನಿರ್ದೇಶಕರ ಹೆಸರು ಬದಲಾಗಿದೆಯೇ ಎಂದು ಆಗಾಗ ನೋಡುತ್ತಿರಿ. ಕದ್ದವರು ಮೊದಲು ಬದಲಿಸುವುದು ಅದನ್ನೇ. ಶೋಧಕ್ಕೆ ಬಂದಾಗ ಆದೇಶದ ಪ್ರತಿ ಕೇಳಿ ಓದಿ, ಯಾವ ಕೇಸು, ಯಾವ ವಿಳಾಸ ಎಂದು ನೋಡಿ. ಪಂಚರು ಇಬ್ಬರೂ ಒಂದೊಂದು ಕೋಣೆಯಲ್ಲೂ ಹಾಜರಿರಲಿ. ಪಂಚನಾಮೆಯಲ್ಲಿ ‘ಕಾಗದಗಳ ಒಂದು ಪೆಟ್ಟಿಗೆ’ ಎಂದು ಬರೆಯಲು ಬಿಡಬೇಡಿ, ಪ್ರತಿ ಕಡತದ ಹೆಸರು, ಪುಟಸಂಖ್ಯೆ, ಹಾರ್ಡ್‌ಡಿಸ್ಕಿನ ಸರಣಿ ಸಂಖ್ಯೆ ಬರೆಸಿ. ಆಕ್ಷೇಪವನ್ನು ಸಹಿಗೆ ಮುಂಚೆ ಅದೇ ಹಾಳೆಯಲ್ಲಿ ದಾಖಲಿಸಿ. 2015ರ ತಿದ್ದುಪಡಿಯ ನಂತರ ಕಂಪನಿಗಳಿಗೆ ದುಂಡು ಮೊಹರು ಕಡ್ಡಾಯವೇ ಅಲ್ಲ. ಇವೆಲ್ಲ ಕಂಪನಿಯನ್ನು ಉಳಿಸುತ್ತವೆ ಎಂದು ಯಾವ ವಕೀಲರೂ ಮಾತು ಕೊಡುವುದಿಲ್ಲ. ಮುಂದೆಂದೋ ಯಾವುದೋ ನ್ಯಾಯಾಲಯದಲ್ಲಿ ತೋರಿಸಲು ಒಂದು ಕಾಗದ ಉಳಿಯುತ್ತದೆ, ಅಷ್ಟೇ.

ಅಂಥ ನ್ಯಾಯಾಲಯಗಳು ಹೇಳಿದ್ದೇನು? ಸ್ಟ್ರಾಸ್‌ಬರ್ಗ್ 2014ರ ಜುಲೈನಲ್ಲಿ ಯೂಕೋಸ್‌ನ ಷೇರುದಾರರಿಗೆ 186.6 ಕೋಟಿ ಯೂರೊ ಪರಿಹಾರ ಕೊಡಬೇಕೆಂದಿತು. ಆದರೆ ಹಿಂದೆ ರಾಜಕೀಯ ದುರುದ್ದೇಶವಿತ್ತು ಎಂಬುದು ಅಗತ್ಯವಾದ ಮಟ್ಟಕ್ಕೆ ಸಾಬೀತಾಗಿಲ್ಲ ಎಂದೂ ಅದೇ ನ್ಯಾಯಾಲಯ ಹೇಳಿತ್ತು. ಅದೇ ತಿಂಗಳು ನೆದರ್‌ಲೆಂಡ್ಸ್‌ನ ಹೇಗ್ ನಗರದ ಮಧ್ಯಸ್ಥಿಕೆ ಮಂಡಳಿ, ತೆರಿಗೆ ವಸೂಲಿ ನೆಪವಾಗಿತ್ತು, ಯೂಕೋಸ್ ಅನ್ನು ದಿವಾಳಿ ಎಬ್ಬಿಸಿ ಆಸ್ತಿ ಕಸಿಯುವುದೇ ಮುಖ್ಯ ಉದ್ದೇಶ ಎಂದು ತೀರ್ಮಾನಿಸಿ 5,000 ಕೋಟಿ ಡಾಲರ್ ಪರಿಹಾರ ವಿಧಿಸಿತು. ಒಂದೇ ಕಡತ, ಎರಡು ಪೀಠ, ಎರಡು ಓದು. ನನ್ನ ಮಟ್ಟಿಗೆ ವ್ಯಾಟ್‌ನ ಆ ಲೆಕ್ಕ ಮತ್ತು ಎತ್ತನ್ನು ಮೊದಲು ಹೊಡೆದುಕೊಂಡು ಹೋದ ಕ್ರಮ, ಇವೆರಡೂ ಹೇಗ್‌ನವರ ಓದಿನ ಕಡೆಗೇ ವಾಲುತ್ತವೆ. ಸ್ಟ್ರಾಸ್‌ಬರ್ಗ್‌ನ ಹಣ ಕೊಡಬೇಕಾಗಿಲ್ಲ ಎಂದು ರಷ್ಯದ ಸಾಂವಿಧಾನಿಕ ನ್ಯಾಯಾಲಯ 2017ರ ಜನವರಿ 19ರಂದು ಹೇಳಿತು. ಹೇಗ್‌ನ ತೀರ್ಪು ಡಚ್ ನ್ಯಾಯಾಲಯಗಳಲ್ಲಿ 2016ರಲ್ಲಿ ರದ್ದಾಗಿ, 2020ರಲ್ಲಿ ಮತ್ತೆ ಜೀವ ಪಡೆದು, ಬಡ್ಡಿ ಬೆಳೆಸಿಕೊಂಡು ಅಲೆಯಿತು.

ಎಲ್ಲರಿಗಿಂತ ಮೊದಲು, 2003ರ ಜೂನ್ 19ರಂದು ಬಂಧನವಾದ ಪಿಚುಗಿನ್‌ಗೆ ಕೊಲೆ ಆರೋಪಗಳ ಮೇಲೆ 2007ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ತಾನು ನಿರಪರಾಧಿ ಎಂದು ಅವರು ಹೇಳುತ್ತಲೇ ಬಂದಿದ್ದಾರೆ. ಅವರ ವಿಚಾರಣೆ ನ್ಯಾಯಯುತವಾಗಿರಲಿಲ್ಲ ಎಂದು ಸ್ಟ್ರಾಸ್‌ಬರ್ಗ್ ನ್ಯಾಯಾಲಯ 2012ರಲ್ಲಿ ಒಮ್ಮೆ, 2017ರಲ್ಲಿ ಇನ್ನೊಮ್ಮೆ ಹೇಳಿತು. ಎರಡು ಸಲವೂ ರಷ್ಯದ ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ಹಾಗೆಯೇ ಉಳಿಸಿತು. ಯೂಕೋಸ್‌ನ ಬೇರೆಲ್ಲರೂ ಹೊರಬಂದ ಮೇಲೂ ಅವರು ಓರೆನ್‌ಬರ್ಗ್ ಪ್ರಾಂತ್ಯದ ಸೋಲ್-ಇಲೆತ್ಸ್ಕ್‌ನ ಸೆರೆಮನೆಯಲ್ಲೇ ಉಳಿದರು.